ಪಕ್ಕದ ಸೀಟಿನ ಮೇಷ್ಟ್ರು

ತೊಂದರೆ ಶುರುವಾದದ್ದು ಒಂದು ಫೋಟೋದಿಂದ.

ಬೆಳಗಿನ ಟೀ ಇನ್ನೂ ಅರ್ಧ ಲೋಟ ಉಳಿದಿರುವಾಗ ಡ್ರೈವಿಂಗ್ ಮೇಷ್ಟ್ರ ಫೋನು ಟಿಂಗ್ ಎಂದಿತು. ಹಳೇ ಕಾರು ಮಾರುವ ಅಂಗಡಿಯ ಸೇಲ್ಸಿನವನು ಎರಡು ತಿಂಗಳ ಹಿಂದೆ ಕೊಟ್ಟ ಮಾತಿನಂತೆ ಚಿತ್ರಗಳನ್ನು ಕಳಿಸಿದ್ದ. ಕೆಂಪು ಬಣ್ಣದ, ಎರಡೇ ಸೀಟಿನ, ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಹೊಂಚು ಹಾಕಿದ ಬೆಕ್ಕಿನಂಥ ಸ್ಪೋರ್ಟ್ಸ್ ಕಾರು. ಮೇಷ್ಟ್ರು ಬೆಕ್ಕಿನ ಮೂತಿ, ಬಾಲ ಯಾವುದರ ಮೇಲೂ ನಿಲ್ಲದೆ ಕೊನೆಯ ಫೋಟೋಗೆ ಬಂದು ನಿಂತರು. ಅದರಲ್ಲಿ ಗೇರ್ ರಾಡಿನ ತಲೆಯೊಂದೇ ಇತ್ತು. ಕರೀ ಗುಂಡು, ಅದರ ಮೇಲೆ ಒಂದರಿಂದ ಆರರವರೆಗೆ ಬಿಳೀ ಅಂಕೆಗಳು. ಮೂರು ಮಾತ್ರ ಇರಲಿಲ್ಲ. ಯಾರದೋ ಅಂಗೈ ವರ್ಷಗಟ್ಟಲೆ ಉಜ್ಜಿ ಉಜ್ಜಿ ಅದನ್ನು ಅಳಿಸಿಹಾಕಿತ್ತು.

ಪುಣ್ಯಾತ್ಮ, ಎಂದುಕೊಂಡರು ಮೇಷ್ಟ್ರು, ಆ ಕಾಣದ ಅಂಗೈಯನ್ನು ನೆನೆದು. ಟೀ ಆರಿ ಕೆನೆ ಕಟ್ಟಿತು.

ಫೋಟೋದ ಕೆಳಗೆ ಬರೆದಿತ್ತು: "ಸಾರ್, ನೀವು ಕೇಳಿದ ಗೇರ್ ಗಾಡಿ ಬಂದಿದೆ. ಇದೇ ಮಾಡೆಲ್, ಕ್ಲಚ್ ಇಲ್ಲದೆ ಪ್ಯಾಡಲ್ ಇರೋದೂ ಒಂದಿದೆ, ಬಿಳಿ. ಫೋನಲ್ಲಿ ಬುಕಿಂಗ್ ಇಲ್ಲ. ಬಂದು, ಓಡಿಸಿ ನೋಡಿ, ಗೋಡೆ ಮೇಲಿನ ಕೀಲಿ ಯಾರು ಕೈಗೆ ತಗೋತಾರೋ ಅವರದ್ದು. ಇವತ್ತು ಐದಕ್ಕೆ ಬಾಗಿಲು ಹಾಕ್ತೀವಿ."

ಮೇಷ್ಟ್ರ ಹಂಬಲ ಏನೆಂದು ತಿಳಿಯಬೇಕಾದರೆ ಅವರ ಕೆಲಸ ಗೊತ್ತಿರಬೇಕು. ಹತ್ತೊಂಬತ್ತು ವರ್ಷದಿಂದ ಅವರು ದಿನಕ್ಕೆ ಎಂಟು ಗಂಟೆ ಕಾರಿನಲ್ಲೇ ಇದ್ದಾರೆ, ಆದರೆ ಪಕ್ಕದ ಸೀಟಿನಲ್ಲಿ. ಡ್ರೈವಿಂಗ್ ಸ್ಕೂಲಿನ ಆ ಕಾರಿಗೆ ಮೇಷ್ಟ್ರ ಕಾಲ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು. ಸ್ಟೀರಿಂಗ್ ಕಲಿಯುವವರದ್ದು, ಗೇರೂ ಕಲಿಯುವವರದ್ದು, ಗಂಡಾಂತರ ಮಾತ್ರ ಮೇಷ್ಟ್ರದ್ದು. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಹುಡುಗಿಯ ಕೈಯಿಂದ ಗೇರನ್ನು ಕಸಿದು ತಾವೇ ಹಾಕಿದ್ದರು. ಅವಳು ಅಳುತ್ತಾ ಇಳಿದುಹೋದವಳು ಮತ್ತೆ ಬರಲಿಲ್ಲ. ಅಂದಿನಿಂದ ಒಂದು ನಿಯಮ ಮಾಡಿಕೊಂಡರು: ಕಲಿಯುವವರ ಕೈಯಿಂದ ಗೇರ್ ಕಿತ್ತುಕೊಳ್ಳಬಾರದು. ಕೈಗಳನ್ನು ಮಡಿಲಲ್ಲಿ ಹೆಣೆದುಕೊಂಡು, ಬಾಯಲ್ಲಿ ಮಾತ್ರ "ಈಗ ಎರಡು... ಈಗ ಮೂರು..." ಎನ್ನುತ್ತಾ ಬಂದರು. ಸಂಜೆ ಕೊನೆಯ ಪಾಠದವರು ಅವರನ್ನು ಮನೆ ಬಾಗಿಲಿಗೆ ಬಿಡುವುದು, ಅಲ್ಲಿಂದ ಸ್ಕೂಲಿನ ಹುಡುಗನೊಬ್ಬ ಕಾರನ್ನು ಒಯ್ಯುವುದು ರೂಢಿ. ಹೀಗಾಗಿ ಊರಿಗೆಲ್ಲ ಡ್ರೈವಿಂಗ್ ಕಲಿಸಿದವರು ತಾವು ಸ್ಟೀರಿಂಗ್ ಹಿಡಿದು ಎಷ್ಟು ವರ್ಷವಾಯಿತು ಎಂದು ಕೇಳಿದರೆ ಕೆಮ್ಮಿ ಮಾತು ಬದಲಿಸುತ್ತಿದ್ದರು.

ಒಮ್ಮೆ, ತಮ್ಮದೇ ಗಾಡಿಯಲ್ಲಿ, ತಮ್ಮದೇ ಕೈಯಿಂದ, ಇಂಜಿನ್ನು ರಾಗ ಎತ್ತಿದ ಕ್ಷಣಕ್ಕೆ ಸರಿಯಾಗಿ ಮೂರನೇ ಗೇರ್ ಹಾಕಬೇಕು. ಅವರಿಗೆ ಬೇಕಾದದ್ದು ಅಷ್ಟೇ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ; ಸೇಲ್ಸಿನವನಿಗೂ 'ಗೇರಿನದು ಬಂದರೆ ಫೋಟೋ ಕಳಿಸಿ' ಎಂದಷ್ಟೇ ಹೇಳಿದ್ದರು. ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಹೇಳುವುದೆಂದರೆ ಮೇಷ್ಟ್ರಿಗೆ ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಂತಷ್ಟು ನಾಚಿಕೆ.

ಎಂಟೂವರೆಯ ಪಾಠ ಔಷಧಿ ಅಂಗಡಿಯಮ್ಮನದು. ಅರವತ್ತು ದಾಟಿದ ಆಕೆ ಮೂರು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗಿದ್ದರು. ಒಬ್ಬೊಬ್ಬರು ಗಾಡಿ ಆಫ್ ಮಾಡುವುದರಲ್ಲೂ ಒಂದೊಂದು ಶೈಲಿ ಇರುತ್ತದೆ. ಈಕೆಯದು ಮೂರು ಕುಪ್ಪಳಿಕೆ, ಒಂದು ಬಿಕ್ಕಳಿಕೆ, ಆಮೇಲೆ ಕಾರಿನ ಡ್ಯಾಶ್‌ಬೋರ್ಡ್ ಸವರಿ "ಅಯ್ಯೋ ಪಾಪ".

"ನನ್ನ ಕೈಲಾಗಲ್ಲ ಮೇಷ್ಟ್ರೇ," ಎಂದರು ಆಕೆ ಆ ದಿನದ ನಾಲ್ಕನೇ 'ಅಯ್ಯೋ ಪಾಪ'ದ ನಂತರ. "ಈ ಕ್ಲಚ್ಚು ನನ್ನ ಜಾತಕಕ್ಕೇ ಆಗಿಬರಲ್ಲ. ಇನ್ಮೇಲೆ ಬರೋದು ನಿಲ್ಲಿಸಿಬಿಡ್ತೀನಿ. ಅಥವಾ ಅದೇನೋ ಬಂದಿದೆಯಲ್ಲ, ಸ್ಟೀರಿಂಗ್ ಹಿಂದೆ ಎರಡು ಕಿವಿ ಥರ ಇರುತ್ತಂತೆ, ಬೆರಳಲ್ಲಿ ಎಳೆದ್ರೆ ಸಾಕಂತೆ. ಅದನ್ನ ಕಲಿಸಿ."

ಬೇರೆ ದಿನವಾಗಿದ್ದರೆ ಮೇಷ್ಟ್ರು "ನಿಮ್ಮಿಷ್ಟ" ಎನ್ನುತ್ತಿದ್ದರು. ಇಂದು ಜೇಬಿನಲ್ಲಿ ಆ ಫೋಟೋ ಬೆಚ್ಚಗೆ ಕೂತಿತ್ತು.

"ಪ್ಯಾಡಲ್ಲಾ? ಅದು ಕೆಟ್ಟದ್ದು ಅಂತ ನಾನು ಹೇಳಲ್ಲ," ಎಂದು ಶುರುಮಾಡಿದರು. "ಕಣ್ಣು ಮಿಟುಕಿಸೋದ್ರೊಳಗೆ ಗೇರ್ ಬೀಳುತ್ತೆ, ಯಾವ ಮನುಷ್ಯನ ಕೈಗೂ ಅಷ್ಟು ವೇಗ ಇಲ್ಲ. ಆದ್ರೆ ಅಮ್ಮಾ, ಅದು ಚೀಟಿ ಬರೆದು ಅಡುಗೆಮನೆಗೆ ಕಳಿಸಿದ ಹಾಗೆ. ಊಟ ಬರುತ್ತೆ, ನೀವು ಮಾಡಿದ್ದಲ್ಲ. ಕೈಯಲ್ಲಿ ಗೇರ್ ಹಾಕೋದು ಅಂದ್ರೆ ಗಾಡಿ ಜೊತೆ ಮಾತಾಡೋದು. ನೀವು ತಪ್ಪು ಮಾಡಿದ್ರೆ ಅದು ಬೈಯುತ್ತೆ. ಸರಿ ಮಾಡಿದ್ರೆ ಹಾಡುತ್ತೆ. ಬೈಸಿಕೊಳ್ಳದೆ ಹಾಡು ಕೇಳಿದ್ರೆ ಏನು ಬಂತು?"

ಮೇಷ್ಟ್ರು ಇಷ್ಟು ಉದ್ದ ಮಾತಾಡಿದ್ದನ್ನು ಆಕೆ ಹಿಂದೆಂದೂ ಕೇಳಿರಲಿಲ್ಲ. ಹಿಂದಿನ ವಾಹನದ ಹಾರ್ನನ್ನೂ ಲೆಕ್ಕಿಸದೆ, ಮಾತ್ರೆ ಹಾಕಿಕೊಡುವ ಪುಟ್ಟ ಕಾಗದದ ಕವರೊಂದನ್ನು ಚೀಲದಿಂದ ತೆಗೆದು ಬರೆದುಕೊಂಡರು. ಕಲಿತದ್ದನ್ನೆಲ್ಲ ಅಂಥ ಕವರುಗಳ ಮೇಲೆ ಬರೆದಿಡುವುದು ಆಕೆಯ ಅಭ್ಯಾಸ.

"ಇದನ್ನ ನೋಡಿ," ಎಂದು ಮೇಷ್ಟ್ರು ಫೋನು ತೆಗೆದು ಗೇರಿನ ತಲೆ ತೋರಿಸಿದರು. "ಹಳೇ ಕಾರಿನ ಅಂಗಡೀಲಿ ನಿಂತಿದೆ. ಮೂರು ಅಳಿಸಿಹೋಗಿದೆ ನೋಡಿ. ಯಾರೋ ಇದನ್ನ ಪ್ರೀತಿಸಿದಾರೆ."

ಆ ಕಾರು ನನಗೆ ಬೇಕು ಎಂಬ ವಾಕ್ಯ ಗಂಟಲವರೆಗೆ ಬಂತು. ಸಿಗ್ನಲ್ಲಿನಲ್ಲಿ ಆಫ್ ಆದ ಗಾಡಿಯಂತೆ ಅಲ್ಲೇ ನಿಂತಿತು.

ಮಧ್ಯಾಹ್ನ ನಾಲ್ಕರವರೆಗೆ ರಜೆ ಹಾಕಿ, ಹೆಂಡತಿಯನ್ನು ಮಾತ್ರ ಕರೆದುಕೊಂಡು ಸದ್ದಿಲ್ಲದೆ ಹೋಗಿಬರುವುದೆಂದು ಮೇಷ್ಟ್ರ ಲೆಕ್ಕಾಚಾರ. ಮನೆಯ ಮೆಟ್ಟಿಲಿಳಿಯುವಷ್ಟರಲ್ಲಿ ಹೆಂಡತಿಯ ತಮ್ಮ ಎದುರಾದ. ಅವನು ಲಿಫ್ಟ್ ಮೆಕ್ಯಾನಿಕ್ಕು. ಲೋಕದ ಸಮಸ್ತ ಸಮಸ್ಯೆಗಳಿಗೂ ಎಲ್ಲೋ ಒಂದು ಗುಂಡಿ ಇದೆ, ಹುಡುಕಿ ಒತ್ತಬೇಕಷ್ಟೆ ಎಂಬುದು ಅವನ ನಂಬಿಕೆ. ಮಾತು ಮೇಲಿನ ಮನೆಗೂ ಕೇಳಿಸಿ ಅಲ್ಲಿಂದ ಹಲ್ಲಿನ ಡಾಕ್ಟರು ಇಳಿದು ಬಂದರು.

"ಹಳೇ ಗಾಡಿ ತಗೊಳ್ಳೋವಾಗ ಒಬ್ಬ ತಿಳಿದೋರು ಜೊತೆಗಿರಬೇಕು," ಎಂದರು ಡಾಕ್ಟರು. "ನನ್ನ ಕಾರಲ್ಲೇ ಹೋಗೋಣ."

ಎರಡು ಸೀಟಿನ ಕಾರು ನೋಡಲು ನಾಲ್ಕು ಜನ ಹೊರಟರು.

ದಾರಿಯುದ್ದಕ್ಕೂ ಚರ್ಚೆ. "ಗೇರಾ? ಈ ಕಾಲದಲ್ಲಾ ಭಾವ?" ಎಂದ ಲಿಫ್ಟಿನವನು. "ಮೊದಲು ಲಿಫ್ಟಲ್ಲೂ ಒಬ್ಬ ಹಿಡಿ ತಿರುಗಿಸ್ತಾ ಕೂತಿರ್ತಿದ್ದ. ಈಗ ಎಲ್ಲಿದಾನೆ ಅವನು? ಪ್ಯಾಡಲ್ ತಗೊಳ್ಳಿ. ಟಕ್ ಅಂದ್ರೆ ಮೇಲೆ, ಟಕ್ ಅಂದ್ರೆ ಕೆಳಗೆ."

"ನಿಮ್ಮ ಎಡ ಮಂಡಿಯ ಎಕ್ಸ್‌ರೇ ನಾನು ನೋಡಿದೀನಿ," ಎಂದರು ಹಲ್ಲಿನ ಡಾಕ್ಟರು. "ಮಂಡಿ ನನ್ನ ವಿಷಯ ಅಲ್ಲ. ಆದ್ರೂ ಸವೆದಿರೋದು ಸವೆದ ಹಾಗೇ ಕಾಣುತ್ತೆ. ಕ್ಲಚ್ಚು ಬಿಡಿ."

"ಪ್ಯಾಡಲ್ ಇದ್ರೆ ನಾನೂ ಓಡಿಸಬಹುದಿತ್ತು," ಎಂದಳು ಹೆಂಡತಿ ಕಿಟಕಿಯ ಕಡೆ ನೋಡುತ್ತಾ. "ನನಗೆ ಇವರು ಗೇರ್ ಕಲಿಸಿದ್ದು ಒಂದೇ ದಿನ. ಅವತ್ತು ಇಬ್ಬರೂ ಊಟ ಮಾಡಿರಲಿಲ್ಲ."

ಮೇಷ್ಟ್ರು ಡಾಕ್ಟರ ಪಕ್ಕ ಕೂತು, ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು.

ಅಂಗಡಿಯ ಗೋಡೆಯ ಮೇಲೆ ಮೊಳೆಗಳ ಸಾಲು, ಮೊಳೆಗೊಂದು ಕೀಲಿ. ಸೇಲ್ಸಿನವನು ಕೆಂಪು ಕಾರಿನ ಕೀಲಿಯನ್ನು ತೆಗೆಯುತ್ತಾ, "ಸರಿಯಾದ ಹೊತ್ತಿಗೆ ಬಂದ್ರಿ ಸಾರ್. ಹತ್ತು ಗಂಟೆಗೆ ಇನ್ನೊಬ್ಬರು ಫೋನ್ ಮಾಡಿದ್ರು. ಗೇರಿಂದೇ ಬೇಕಂತೆ, ಬೇರೆ ಮಾತೇ ಇಲ್ಲ," ಎಂದ. ಮೇಷ್ಟ್ರ ಎದೆ ಒಂದು ಸಲ ಆಫ್ ಆಗಿ ಮತ್ತೆ ಸ್ಟಾರ್ಟಾಯಿತು.

ಹೊರಗೆ ಕಾರು ಫೋಟೋಗಿಂತ ಚೆನ್ನಾಗಿತ್ತು. ಡಾಕ್ಟರು ಬಾನೆಟ್ ಎತ್ತಿಸಿ, ಜೇಬಿನ ಟಾರ್ಚ್ ಬಿಟ್ಟು, "ಹ್ಞಾಂ, ಇನ್ನೂ ಸ್ವಲ್ಪ ತೆರೀರಿ," ಎಂದರು. ಮೇಷ್ಟ್ರು ಬಾಗಿಲು ತೆರೆದು, ಕೂತು, ಬೆಲ್ಟ್ ಬಿಗಿದು, ಕೈ ಹೆಣೆದುಕೊಂಡು ಕಾದರು. ಯಾರೂ ಕಾರು ಹೊರಡಿಸಲಿಲ್ಲ.

"ಸಾರ್," ಎಂದ ಸೇಲ್ಸಿನವನು ಬಗ್ಗಿ, "ಓಡಿಸೋರು ಯಾರು?"

ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತಿದ್ದರು. ಲಿಫ್ಟಿನವನು ನಗು ತಡೆಯಲು ಬಾಯಿಗೆ ಕರವಸ್ತ್ರ ಒತ್ತಿಕೊಂಡ.

ಜಾಗ ಬದಲಾಯಿಸಿ ಕೂತರು. ಎದುರಿಗೆ ಸ್ಟೀರಿಂಗ್. ಅಂಗೈ ತಾನಾಗಿಯೇ ಹೋಗಿ ಆ ಸವೆದ ಗುಂಡಿನ ಮೇಲೆ ಕೂತಿತು, ಅಳತೆ ಕೊಟ್ಟು ಮಾಡಿಸಿದ ಹಾಗೆ. ಕ್ಲಚ್ ಒತ್ತಿದರು, ಒಂದನೇ ಗೇರ್ ಬಿತ್ತು, ಕಾಲು ಬಿಟ್ಟರು. ಕಾರು ಎಗರಿ ಸತ್ತಿತು.

ಆಗಲೇ ಮೇಷ್ಟ್ರಿಗೆ ಒಂದು ಭಯಂಕರ ಸತ್ಯ ಹೊಳೆದದ್ದು. ಹತ್ತೊಂಬತ್ತು ವರ್ಷ ಅವರ ಎಡಗಾಲು ಕಲಿತದ್ದು ಕ್ಲಚ್ಚನ್ನು ಧಡಕ್ಕನೆ ಒತ್ತುವುದನ್ನು ಮಾತ್ರ. ಮೆಲ್ಲಗೆ ಬಿಡುವುದು ಕಲಿಯುವವರ ಪಾಲಿನ ಕೆಲಸವಾಗಿತ್ತು. ಗಾಡಿಗಳನ್ನು ಸಾಯದಂತೆ ಕಾಪಾಡಿದ ಕಾಲಿಗೆ ಒಂದನ್ನು ಬದುಕಿಸುವುದು ತಿಳಿಯದು.

ಎರಡನೇ ಸಲವೂ ಎಗರಿ ನಿಂತಿತು. "ಭಾವ, ಎರಡು ಮಹಡಿ ಮಧ್ಯ ಸಿಕ್ಕಿಹಾಕ್ಕೊಂಡ ಹಾಗಾಯ್ತಲ್ಲ," ಎಂದು ಹೊರಗಿನಿಂದ ದನಿ ಬಂತು. ಮೂರನೇ ಸಲ ಕಾರು ಹೊರಟಿತು. ಬೀದಿಯಲ್ಲಿ ಎರಡನೇ ಗೇರ್ ಬಿದ್ದಾಗ ಇಂಜಿನ್ನು ಗಂಟಲು ಸರಿಮಾಡಿಕೊಂಡಿತು, ರಾಗ ಎತ್ತಿತು, ಇನ್ನೇನು ಮೂರು, ಅಂಗೈ ಬಿಗಿಯಾಯಿತು. ಅಷ್ಟರಲ್ಲಿ ಶಾಲೆ ಬಿಟ್ಟ ಮಕ್ಕಳು ಸಾಲಾಗಿ ರಸ್ತೆ ದಾಟಲು ಶುರುಮಾಡಿದರು. ಸಾಲು ಮುಗಿಯುವ ಹೊತ್ತಿಗೆ ಸೇಲ್ಸಿನವನು ಗಡಿಯಾರ ನೋಡಿ, "ವಾಪಸ್ ಹೋಗೋಣ ಸಾರ್," ಎಂದ.

ಎಲ್ಲರ ಒತ್ತಾಯಕ್ಕೆ ಬಿಳೀ ಕಾರನ್ನೂ ಓಡಿಸಿದರು. ಅದು ಬೆಣ್ಣೆ. ಎಗರಲಿಲ್ಲ, ಬೈಯಲಿಲ್ಲ. ಬೆರಳು ಎಳೆದರೆ ಗೇರು ಟೀವಿ ಚಾನೆಲ್‌ನ ಹಾಗೆ ಬದಲಾಯಿತು. ಒಂದೇ ತೊಂದರೆ, ಇಂಜಿನ್ ಸದ್ದು ಏರಿದಾಗಲೆಲ್ಲ ಮೇಷ್ಟ್ರ ಕೈ ತಾನಾಗಿಯೇ ಗೇರ್ ಹುಡುಕಿಕೊಂಡು ಹೋಗಿ ಸೇಲ್ಸಿನವನ ಮಂಡಿಯನ್ನು ಹಿಡಿಯುತ್ತಿತ್ತು. ಮೂರನೇ ಸಲ ಅವನು ಎರಡೂ ಮಂಡಿಗಳನ್ನು ಬಾಗಿಲಿನ ಕಡೆ ತಿರುಗಿಸಿಕೊಂಡ.

"ಇದೇ," ಎಂದರು ಡಾಕ್ಟರು. "ಇದೇ," ಎಂದ ಲಿಫ್ಟಿನವನು. ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಕೆಂಪು ಕಾರಿನ ಕೀಲಿ ಮತ್ತೆ ಮೊಳೆಗೆ ಹೋಯಿತು. ಒಂದು ಹೆಜ್ಜೆ ಮುಂದಿಟ್ಟು ಕೈ ಚಾಚಿದರೆ ಸಾಕಿತ್ತು. ಮೇಷ್ಟ್ರು ಹೆಜ್ಜೆ ಇಡದೆ, "ಯೋಚನೆ ಮಾಡಿ ಸಂಜೆ ಹೇಳ್ತೀನಿ," ಎಂದು ಯಾರಿಗೂ ಕೇಳಿಸದಂತೆ ಹೇಳಿದರು.

ಮನೆಗೆ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮೂರೂವರೆ ಸುಮಾರಿಗೆ ಹೆಂಡತಿ ಮುಲಾಮಿನ ಟ್ಯೂಬು ತಂದು ಅವರ ಮಂಡಿಯ ಪಕ್ಕ ನೆಲದ ಮೇಲೆ ಕೂತಳು.

"ಒಂದು ಮಾತು ಹೇಳ್ಲಾ?"

"ಹೇಳು."

"ಬಿಳೀದನ್ನ ನೀವು ಎಷ್ಟು ಚೆನ್ನಾಗಿ ಓಡಿಸಿದ್ರಿ. ಮುಖ ಮಾತ್ರ ದಿನಾ ಇರೋ ಥರಾನೇ ಇತ್ತು. ಕೆಂಪುದು ಎಗರಿ ಎಗರಿ ನಿಲ್ತಿತ್ತಲ್ಲ, ಆಗ ನೀವು ನಗ್ತಾ ಇದ್ರಿ ಕಣ್ರೀ. ನಾನು ಅಷ್ಟು ದೂರದಿಂದ ನೋಡಿದೆ." ಮುಲಾಮು ಉಜ್ಜುತ್ತಾ ಆಕೆ ತಲೆ ಎತ್ತಲಿಲ್ಲ. "ಮದುವೆಯಾಗಿ ಇಷ್ಟು ವರ್ಷ ಆಯ್ತು, ಇದು ಬೇಕು ಅಂತ ನೀವು ಏನನ್ನೂ ಕೇಳಿಲ್ಲ. ಹೋಗಿ, ತಗೊಂಡ್ಬನ್ನಿ. ಮಂಡಿ ನಾನು ನೋಡ್ಕೋತೀನಿ."

ಮೇಷ್ಟ್ರು ಕಣ್ಣು ಕಿಟಕಿಯ ಕಡೆ ತಿರುಗಿಸಿದರು. ನಾಲ್ಕಕ್ಕೆ ಔಷಧಿ ಅಂಗಡಿಯಮ್ಮನ ಎರಡನೇ ಪಾಠವಿತ್ತು. ಪರೀಕ್ಷೆ ಹತ್ತಿರವೆಂದು ಆಕೆ ದಿನಕ್ಕೆರಡು ಪಾಠ ಹಾಕಿಸಿಕೊಂಡಿದ್ದರು. ರದ್ದು ಮಾಡಲು ಫೋನು ತೆಗೆದರೆ ಆಕೆಯದೇ ಸಂದೇಶ ಬಂದು ಕೂತಿತ್ತು: "ಇವತ್ತು ಬರಲ್ಲ ಮೇಷ್ಟ್ರೇ, ಸ್ವಲ್ಪ ಕೆಲಸ ಇದೆ." ಒಂದು ಪಾಠವನ್ನೂ ತಪ್ಪಿಸದ ಆಕೆ ಇಂದೇ ತಪ್ಪಿಸಿದ್ದರು. ಕಾಲ ಕೂಡಿಬಂದರೆ ಹೀಗೇ ಎಂದು ಮೇಷ್ಟ್ರು ಹಿಗ್ಗಿದರು.

ಮೆಟ್ಟಿಲ ಬಳಿ ಮತ್ತೆ ಡಾಕ್ಟರು. "ಮನಸ್ಸು ಮಾಡಿದ್ರಾ? ಬನ್ನಿ ಬಿಡ್ತೀನಿ," ಎಂದರು. ನಡೆದು ಹೋಗಿದ್ದರೂ ಬೇಗ ತಲುಪುತ್ತಿದ್ದರೇನೋ. ಡಾಕ್ಟರು ಹಲ್ಲು ಕೀಳುವಷ್ಟೇ ಎಚ್ಚರದಿಂದ ಕಾರು ಓಡಿಸುತ್ತಿದ್ದರು. ದಾರಿಯಲ್ಲಿ ಗಾಳಿ ಹಾಕಿಸಿದರು, ಗಾಜು ಒರೆಸಿಸಿದರು, ಬಿಳೀ ಕಾರಿನ ಗುಣಗಳನ್ನು ಮೊದಲಿನಿಂದ ಹೇಳಿದರು. ಮೇಷ್ಟ್ರ ಬಲಗಾಲು ಇಲ್ಲದ ಆಕ್ಸಿಲರೇಟರನ್ನು ನೆಲಕ್ಕೊತ್ತುತ್ತಿತ್ತು. ತಲುಪಿದಾಗ ನಾಲ್ಕೂವರೆ. ಡಾಕ್ಟರು ರೋಗಿಯ ಫೋನು ಬಂತೆಂದು ಹಾಗೇ ಹೊರಟುಹೋದರು.

ಮೇಷ್ಟ್ರು ಒಳಗೆ ಓಡಿದರು. ಗೋಡೆಯ ಮೇಲೆ ಬಿಳೀ ಕಾರಿನ ಕೀಲಿ ಇತ್ತು. ಅದರ ಪಕ್ಕದ ಮೊಳೆ ಖಾಲಿ.

ಹೊರಗೆ ಬಂದು ಬೀದಿ ನೋಡಿದರು. ದೂರದ ತಿರುವಿನಲ್ಲಿ ಕೆಂಪು ಕಾರು ಕಾಣಿಸಿತು. ಯಾರೋ ಓಡಿಸಿ ನೋಡುತ್ತಿದ್ದಾರೆ. ನೋಡಿ ಬೇಡ ಎನ್ನಲೂಬಹುದು. ಕಾರು ಹತ್ತಿರ ಬಂತು, ಅಂಗಡಿಯ ಮುಂದೆ ನಿಧಾನಿಸಿತು. ಆಮೇಲೆ ಒಂದು ಸಲ ಕುಪ್ಪಳಿಸಿತು. ಮತ್ತೊಂದು ಸಲ. ಇನ್ನೊಂದು ಸಲ. ಕೊನೆಗೆ ಒಂದು ಸಣ್ಣ ಬಿಕ್ಕಳಿಕೆ.

ಗಾಜಿನ ಮೇಲೆ ಬಿಸಿಲು ಹೊಳೆಯುತ್ತಿದ್ದುದರಿಂದ ಒಳಗಿರುವವರ ಮುಖ ಕಾಣುತ್ತಿರಲಿಲ್ಲ. ಮೇಷ್ಟ್ರಿಗೆ ಮುಖ ನೋಡುವ ಅಗತ್ಯವೂ ಇರಲಿಲ್ಲ.

"ಅಯ್ಯೋ ಪಾಪ," ಎಂಬ ದನಿ ಕಿಟಕಿಯಿಂದ ಬಂತು.

ಔಷಧಿ ಅಂಗಡಿಯಮ್ಮ ಇಳಿದರು. ಕೈಯಲ್ಲಿ ಕೀಲಿ, ಮುಖದಲ್ಲಿ ಅರವತ್ತರ ಮೇಲೆ ಸಾಮಾನ್ಯವಾಗಿ ಕಾಣದಂಥ ಹೊಳಪು. ಇನ್ನೊಂದು ಬಾಗಿಲಿನಿಂದ ಇಳಿದ ಸೇಲ್ಸಿನವನು ಡ್ಯಾಶ್‌ಬೋರ್ಡಿಗೆ ಬಡಿದ ಮಂಡಿ ನೀವಿಕೊಂಡ.

"ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು ಮೇಷ್ಟ್ರೇ," ಎಂದರು ಆಕೆ. "ಬೆಳಗ್ಗೆ ನೀವು ಫೋಟೋ ತೋರಿಸಿದಾಗಲೇ ಅರ್ಥವಾಯ್ತು. ಇವಳು ಬಿಟ್ಟುಹೋಗ್ತಾಳೆ, ಹೋಗಬಾರದು ಅಂತ ನನಗೋಸ್ಕರ ಗಾಡಿ ಹುಡುಕಿ ಇಟ್ಟಿದೀರಿ. ಬಾಯಿಬಿಟ್ಟು ಹೇಳೋ ಸ್ವಭಾವ ನಿಮ್ಮದಲ್ಲ. ಇಷ್ಟು ವರ್ಷ ಬರೀ ಊರವರ ಕೆಮ್ಮಿಗೆ ಔಷಧಿ ಕೊಟ್ಕೊಂಡು ಕೂತಿದ್ದೆ. ನನಗೂ ಬೈಯೋ, ಹಾಡೋ ಅಂಥದ್ದು ಒಂದು ಇರಲಿ ಅನ್ನಿಸ್ತು, ತಗೊಂಡೇಬಿಟ್ಟೆ." ಚೀಲದಿಂದ ಕಾಗದದ ಕವರು ತೆಗೆದು ತೋರಿಸಿದರು. 'ಗೇರ್ ಅಂದರೆ ಗಾಡಿಯ ಜೊತೆ ಮಾತು' ಎಂದು ದುಂಡಗೆ ಬರೆದು ಅಡಿಗೆರೆ ಎಳೆದಿದ್ದರು.

ಮೇಷ್ಟ್ರ ಬಾಯಿ ತೆರೆಯಿತು. ಆ ಹೊಳೆಯುವ ಮುಖ ನೋಡಿ ಮತ್ತೆ ಮುಚ್ಚಿತು. "ಒಳ್ಳೇ ಗಾಡಿ," ಎಂದರು.

"ಆದ್ರೆ ನನಗೆ ಕೈ ಇನ್ನೂ ನಡುಗ್ತಿದೆ. ಮನೆ ತನಕ ನೀವೇ ಓಡಿಸಿ ಮೇಷ್ಟ್ರೇ. ನೀವು ಓಡಿಸೋದನ್ನ ನಾನು ಒಂದು ಸಲನೂ ನೋಡಿಲ್ಲ." ಆಕೆ ಕೀಲಿಯನ್ನು ಮುಂದೆ ಹಿಡಿದರು.

ನೀವೇ ಓಡಿಸಿ. ಈ ಎರಡು ಪದ ಮೇಷ್ಟ್ರ ಕಿವಿಯಲ್ಲಿ ಎಷ್ಟು ಜೋರಾಗಿ ಮೊಳಗಿದವೆಂದರೆ ಆಮೇಲಿನ ಅರ್ಧ ನಿಮಿಷ ಅವರಿಗೆ ನೆನಪೇ ಇಲ್ಲ. ಒಂದೇ ಒಂದು ಸಲ, ಈ ಉದ್ದನೆಯ ರಸ್ತೆಯಲ್ಲಿ, ಆ ಅಳಿಸಿಹೋದ ಮೂರು. ಬಾಗಿಲು ತೆರೆದದ್ದು, ಕೂತದ್ದು, ಬೆಲ್ಟ್ ಎಳೆದದ್ದು ಕನಸಿನಲ್ಲಿ ನಡೆದಂತಿತ್ತು. ಬೆಲ್ಟು ಕಟಕ್ಕನೆ ಕೂತಾಗ ಎಚ್ಚರಾಯಿತು. ಕೈಗಳು ಮಡಿಲಲ್ಲಿ ಹೆಣೆದುಕೊಂಡಿದ್ದವು. ಎದುರಿಗೆ ಸ್ಟೀರಿಂಗ್ ಇರಲಿಲ್ಲ.

ಆ ಕಡೆಯ ಬಾಗಿಲ ಬಳಿ ಔಷಧಿ ಅಂಗಡಿಯಮ್ಮ ಕೀಲಿ ಹಿಡಿದುಕೊಂಡೇ ನಿಂತು ಅವರನ್ನು ನೋಡುತ್ತಿದ್ದರು. ಆಕೆಯ ಕಣ್ಣು ತುಂಬಿತ್ತು.

"ನನ್ನ ಮೇಲೆ ಅಷ್ಟು ನಂಬಿಕೆನಾ ಮೇಷ್ಟ್ರೇ?" ಎಂದರು. "ಆಯ್ತು. ನಾನೇ ಓಡಿಸ್ತೀನಿ."

ಅಲ್ಲಮ್ಮಾ, ತಪ್ಪಿ ಕೂತೆ, ಎನ್ನಬೇಕಿತ್ತು. ಅಷ್ಟು ಹೊತ್ತಿಗೆ ಆಕೆ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು.

ಎರಡು 'ಅಯ್ಯೋ ಪಾಪ'ಗಳ ನಂತರ ಕಾರು ಹೊರಟಿತು. ಸಂಜೆಯ ರಸ್ತೆ ಯಾರೋ ಹೇಳಿ ಖಾಲಿ ಮಾಡಿಸಿದಂತಿತ್ತು. ಶಾಲೆಯ ಮಕ್ಕಳೂ ಇರಲಿಲ್ಲ. ಎರಡನೇ ಗೇರ್ ಬಿತ್ತು. ಇಂಜಿನ್ನು ಗಂಟಲು ಸರಿಮಾಡಿಕೊಂಡು ರಾಗ ಎತ್ತಿತು.

"ಮೂರು ಎಲ್ಲಿದೆ ಮೇಷ್ಟ್ರೇ? ಅಳಿಸಿಹೋಗಿದೆ, ಕಾಣಿಸ್ತಿಲ್ಲ."

ಮೇಷ್ಟ್ರ ಕೈ ಹೆಣಿಗೆ ಬಿಚ್ಚಿಕೊಂಡು ಗೇರಿನ ಕಡೆ ಹೊರಟಿತು.

"ಬೇಡ ಬೇಡ," ಎಂದರು ಆಕೆ ಮೊಣಕೈಯಿಂದ ತಡೆದು. "ಕಲಿಯೋರ ಕೈಯಿಂದ ಗೇರ್ ಕಿತ್ಕೋಬಾರದು, ನೀವೇ ಹೇಳೋದು. ಬಾಯಲ್ಲಿ ಹೇಳಿ."

ಕೈ ಮಡಿಲಿಗೆ ಹಿಂತಿರುಗಿತು.

"ಕ್ಲಚ್ ಒತ್ತಿ," ಎಂದರು ಮೇಷ್ಟ್ರು. ದನಿ ತೀರ ಸಣ್ಣಗಿತ್ತು. "ನೇರವಾಗಿ ಮುಂದಕ್ಕೆ. ತಳ್ಳಬೇಡಿ, ಅದೇ ಹೋಗುತ್ತೆ. ಈಗ ಕಾಲು ಮೆಲ್ಲಗೆ ಬಿಡಿ. ಇನ್ನೂ ಮೆಲ್ಲಗೆ."

ಮೂರನೇ ಗೇರು ಬಿತ್ತು. ಒಂದು ಎಗರೂ ಇಲ್ಲ. ಕಾರು ಹಾಡಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮಡಿಲಲ್ಲಿ ಅವರ ಅಂಗೈ ಯಾವುದೋ ಗುಂಡಿನ ಮೇಲೆ ಇದ್ದಂತೆ ಬಾಗಿ, ಒಂದು ಇಂಚು ಮುಂದಕ್ಕೆ ಸರಿದು, ಅಲ್ಲೇ ಉಳಿಯಿತು.

ಸಿಗ್ನಲ್ಲು ಬಂತು. ಒಂದು ಕುಪ್ಪಳಿಕೆ, ಎರಡು, ಮೂರು. ಮೇಷ್ಟ್ರ ಎಡಗಾಲು ಹತ್ತೊಂಬತ್ತು ವರ್ಷದ ರಭಸದಲ್ಲಿ ಬರಿಯ ನೆಲವನ್ನು ಒತ್ತಿತು. ಮಂಡಿ ಲಟಕ್ ಎಂದಿತು.

"ಅಯ್ಯೋ ಪಾಪ," ಎಂದರು ಔಷಧಿ ಅಂಗಡಿಯಮ್ಮ, ಈ ಸಲ ಕಾರಿಗಲ್ಲ. "ಸ್ವಲ್ಪ ತಡ್ಕೊಳ್ಳಿ ಮೇಷ್ಟ್ರೇ, ನಾಳೆಯಿಂದ ಈ ಕಷ್ಟ ಇಲ್ಲ. ನಿಮ್ಮ ಕಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಹಾಕೋಕೆ ಹೇಳಿಬಂದಿದೀನಿ. ದಿನಾ ಎರಡು ಪಾಠ ಇದರಲ್ಲೇ. ಮುಲಾಮು ನಮ್ಮ ಅಂಗಡಿಯದೇ."